ಅಧ್ಯಕ್ಷರ ಕುರ್ಚಿಯಲ್ಲಿ ನಕ್ಕ ನಗು

ಮುಂಬಯಿಯ ವಿಧಾನಸಭೆಯಲ್ಲಿ ಅಧ್ಯಕ್ಷರ ಕುರ್ಚಿಯನ್ನು ಮಾಡಿಸಿದ ಪುಣ್ಯಾತ್ಮರು ಅದರಲ್ಲಿ ಮುಂದೊಂದು ದಿನ ಹೆಂಗಸೊಬ್ಬಳು ಕೂರಬಹುದು, ಅದೂ ಐದಡಿ ಮುಟ್ಟದ ಹೆಂಗಸು ಕೂರಬಹುದು ಎಂದು ಕನಸಿನಲ್ಲೂ ನೆನೆಸಿರಲಿಲ್ಲ. ಶುಭಾಂಗಿ ಮೊದಲ ಸಲ ಅದರಲ್ಲಿ ಕೂತಾಗ ಕಾಲು ನೆಲಕ್ಕೆ ಎಟುಕಲಿಲ್ಲ. ಮಾರ್ಷಲ್ ಒಬ್ಬ ಎಲ್ಲಿಂದಲೋ ಒಂದು ಮರದ ಮಣೆ ಹುಡುಕಿ ತಂದು ಮೇಜಿನ ಕೆಳಗಿಟ್ಟ. ಅವತ್ತಿನಿಂದ ಅದು ಅಲ್ಲೇ ಇತ್ತು. ಬೇರೆಯವರು ಕೂತಾಗ ಅದನ್ನು ಒದ್ದು ಪಕ್ಕಕ್ಕೆ ಸರಿಸುತ್ತಿದ್ದರು, ಇವಳು ಬಂದಾಗ ಮಾತು ಶುರುಮಾಡುವ ಮುಂಚೆ ಕಾಲಿನಿಂದಲೇ ತಡಕಾಡಿ ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಖಾಯಂ ಅಧ್ಯಕ್ಷೆಯೇನೂ ಅಲ್ಲ ಅವಳು. ಅಧ್ಯಕ್ಷರು ಊಟಕ್ಕೋ ಬೇರೆ ಕೆಲಸಕ್ಕೋ ಎದ್ದುಹೋದಾಗ ಸಭೆ ನಡೆಸಿಕೊಡಲೆಂದು ಪ್ರತಿ ಅಧಿವೇಶನಕ್ಕೂ ಕೆಲವು ಸದಸ್ಯರನ್ನು ಆರಿಸುತ್ತಾರೆ. ಅವರಿಗೆ ತಾಲಿಕಾ ಅಧ್ಯಕ್ಷರು ಎಂದು ಹೆಸರು. ಚೆಂಬೂರಿನ ಕಡೆಯಿಂದ ಮೊದಲ ಸಲ ಗೆದ್ದುಬಂದ, ಇನ್ನೂ ಮೂವತ್ತು ತುಂಬದ ಹುಡುಗಿಗೆ ಆ ಪಟ್ಟ ಸಿಕ್ಕಿದ್ದು ಸಣ್ಣ ಮಾತಲ್ಲ. ಕೊಡಿಸಿದವರು ಗುರುಪಾದ ಕಾಕಾ. ಸೊಲ್ಲಾಪುರದ ಕಡೆಯ ಹಿರಿಯ ಸದಸ್ಯ, ಇವಳದೇ ಪಕ್ಷ, ಮನೆಮಾತೂ ಕನ್ನಡ. ಬಿಳಿ ಮೀಸೆ ತಿರುವುತ್ತ ಅವರು ಮಾತಾಡಲು ಎದ್ದರೆಂದರೆ ಎರಡೂ ಕಡೆಯ ಬೆಂಚುಗಳು ನಗಲು ತಯಾರಾಗಿಯೇ ಕೂತಿರುತ್ತಿದ್ದವು. ಇವಳ ಹೆಸರು ಸೂಚಿಸುವಾಗ ಅವರು ಮುಖಂಡರ ಮುಂದೆ ಹೇಳಿದ್ದು ಒಂದೇ ಮಾತು: ಈ ಹುಡುಗಿ ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾಳೆ.

ಹೊಂದಿಕೊಂಡು ಹೋಗುವುದೆಂದರೇನು ಎಂದು ಶುಭಾಂಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಜನ ಗಂಡಸರ ನಡುವೆ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಗಂಡಸರ ತಮಾಷೆಗೆ ನಗುವವರಿಗೆ ಖುಲ್ಲಾ ಮನಸ್ಸಿನವರು ಎಂದು ಹೆಸರು ಬರುತ್ತಿತ್ತು, ಸಮಿತಿಗಳು ಸಿಗುತ್ತಿದ್ದವು, ಮಾತಿಗೆ ಎರಡು ನಿಮಿಷ ಹೆಚ್ಚು ಸಿಗುತ್ತಿತ್ತು. ನಗದವರಿಗೆ ಸಿಗುತ್ತಿದ್ದದ್ದು ಕಟಕಟಿ, ಅಂದರೆ ಸದಾ ಕಿರಿಕಿರಿ ಮಾಡುವವಳು, ಎಂಬ ಬಿರುದು. ವಿರೋಧ ಪಕ್ಷದ ಶೈಲಾತಾಯಿ ಅಂಥ ಕಟಕಟಿಗಳ ಪೈಕಿ ಮೊದಲನೆಯವರು. ಅರವತ್ತರ ಹತ್ತಿರದ ಹೆಂಗಸು, ದಪ್ಪ ಕನ್ನಡಕ, ಮೂರನೇ ಸಲದ ಗೆಲುವು. ಶುಭಾಂಗಿ ಪ್ರಮಾಣವಚನದ ದಿನ ಹೆಂಗಸರ ಶೌಚಾಲಯ ಎಲ್ಲಿದೆಯೆಂದು ತಿಳಿಯದೆ ಗಂಡಸರ ಬಾಗಿಲುಗಳ ಮುಂದೆ ಸುತ್ತುತ್ತಿದ್ದಾಗ, ಪಕ್ಷ ಗಿಕ್ಷ ನೋಡದೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದವರು ಅವರೇ.

ಶೌಚಾಲಯ ಎಂದೆನಲ್ಲ, ಕತೆ ಇರುವುದೇ ಅದರಲ್ಲಿ. ಕೇಳಲು ಮುಜುಗರವೆನಿಸುವವರು ಮುಜುಗರಪಟ್ಟುಕೊಳ್ಳಲಿ.

ಶುಭಾಂಗಿಯ ತಾಯಿ ಚಂದ್ರವ್ವ ವಿಜಯಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷ ನಾಕಾದಲ್ಲಿ ನಿಂತವಳು. ಬೆಳಗಾದರೆ ರಸ್ತೆ ಕೂಡುವ ಜಾಗದಲ್ಲಿ ಕೂಲಿಯವರು ಬುತ್ತಿ ಹಿಡಿದು ನಿಲ್ಲುತ್ತಾರೆ, ಮುಕಾದಮ ಟೆಂಪೋ ತಂದು ತನಗೆ ಬೇಕಾದವರನ್ನು ಆರಿಸಿಕೊಂಡು ಬಿಲ್ಡಿಂಗ್ ಕಟ್ಟುವ ಸೈಟಿಗೆ ಒಯ್ಯುತ್ತಾನೆ. ಮುಂಬಯಿಯಲ್ಲಿ ಅದಕ್ಕೆ ನಾಕಾ ಎನ್ನುತ್ತಾರೆ. ಸೈಟಿನಲ್ಲಿ ಗಂಡಸರಿಗೆ ಯಾವ ಗೋಡೆಯಾದರೂ ಆದೀತು. ಹೆಂಗಸರಿಗೆ ಮರೆ ಇಲ್ಲ. ಅದಕ್ಕೆ ಅವರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಚಂದ್ರವ್ವ ಮನೆಗೆ ಬಂದ ಕೂಡಲೇ ಮಾತಿಲ್ಲದೆ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಿದ್ದದ್ದನ್ನು ನೋಡುತ್ತಲೇ ಶುಭಾಂಗಿ ದೊಡ್ಡವಳಾದದ್ದು. ಚುನಾವಣೆಗೆ ನಿಂತಾಗ ಅವಳ ಬೆನ್ನಿಗೆ ನಿಂತದ್ದೂ ಆ ನಾಕಾದ ಹೆಂಗಸರೇ. ಅವರ ಮುಂದಾಳು ಮಲ್ಲಕ್ಕ ಕೂಲಿ ಬಿಟ್ಟು ಗಲ್ಲಿಗಲ್ಲಿ ತಿರುಗಿ, ನಮ್ಮ ಚಂದ್ರವ್ವನ ಮಗಳು, ನಮ್ಮ ಕಣ್ಣ ಮುಂದೆ ಬೆಳೆದವಳು ಎಂದು ಪ್ರತಿ ಬಾಗಿಲಲ್ಲೂ ನಿಂತು ವೋಟು ಕೇಳಿದ್ದಳು.

ಆ ಮಲ್ಲಕ್ಕನ ತಂಗಿಯ ಮಗಳು ಶಿವಕುಮಾರಿ, ಇಪ್ಪತ್ತೆರಡರ ಹುಡುಗಿ, ಜನವರಿಯಲ್ಲಿ ಅಂಧೇರಿಯ ಒಂದು ಸೈಟಿನಲ್ಲಿ ಬಿದ್ದಳು. ಮುಸ್ಸಂಜೆ ಹೊತ್ತು, ಮರೆ ಹುಡುಕುತ್ತ ಅರ್ಧ ಎದ್ದ ಗೋಡೆಯ ಹಿಂದಕ್ಕೆ ಹೋದಳು. ಅಲ್ಲಿ ಲಿಫ್ಟಿಗೆಂದು ತೋಡಿದ ಗುಂಡಿಯಿತ್ತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗ ಜೋಪಡಿಯ ಮೂಲೆಯಲ್ಲಿ ಮಲಗಿದ್ದಾಳೆ, ಹೊರಳಿಸಲೂ ಇಬ್ಬರು ಬೇಕು. ಅವಳು ಕೆಲಸ ಬಿಟ್ಟು ಸುತ್ತಾಡಲು ಹೋಗಿ ಬಿದ್ದಳು ಎಂದು ಬಿಲ್ಡರ್ ಬರೆಸಿದ. ಹಾಗೆ ಬರೆದ ಮೇಲೆ ಪರಿಹಾರವೂ ಇಲ್ಲ, ಚಿಕಿತ್ಸೆಯ ಖರ್ಚೂ ಇಲ್ಲ.

ಮಲ್ಲಕ್ಕ ಬಂದು ಕೇಳಿದಾಗ ಶುಭಾಂಗಿ ಪಕ್ಷದ ಕಚೇರಿಗೆ ಹೋಗಿ ವಿಷಯ ಎತ್ತಿದಳು. ಅಲ್ಲಿ ಅವಳಿಗೆ ಚಹಾ ಕೊಟ್ಟು ಕೂರಿಸಿ, ಆ ಬಿಲ್ಡರ್ ನಮ್ಮವನೇ, ಸುಮ್ಮನಿರು ಎಂದರು. ಅವಳು ಸುಮ್ಮನಿರಲಿಲ್ಲ, ಜಾಣತನ ಮಾಡಿದಳು. ಹೆಂಗಸರ ಶೌಚಾಲಯದ ಕನ್ನಡಿಯ ಮುಂದೆ, ನಲ್ಲಿ ಬಿಟ್ಟುಕೊಂಡು, ಎಲ್ಲವನ್ನೂ ಶೈಲಾತಾಯಿಯ ಕಿವಿಗೆ ಹಾಕಿದಳು. ವಿರೋಧ ಪಕ್ಷದವರು ಕೇಳಿದರೆ ಯಾರೂ ತನ್ನ ಕಡೆ ಬೆರಳು ಮಾಡುವಂತಿಲ್ಲ. ಶೈಲಾತಾಯಿ ಒಂದು ಮಾತೂ ಕೇಳದೆ ಒಪ್ಪಿಕೊಂಡು, ಮಾರ್ಚ್ ಅಧಿವೇಶನದಲ್ಲಿ ಲಕ್ಷವೇಧಿ ಸೂಚನೆ ಕೊಟ್ಟರು. ತುರ್ತಿನ ಸಂಗತಿಯೊಂದನ್ನು ಎತ್ತಿ ಮಂತ್ರಿಯಿಂದ ಸಭೆಯಲ್ಲೇ ಉತ್ತರ ಪಡೆಯುವ ದಾರಿ ಅದು. ಆ ಸೂಚನೆ ಬರುವ ದಿನ, ಬರುವ ಹೊತ್ತಿಗೆ ಸರಿಯಾಗಿ ತಾಲಿಕಾ ಅಧ್ಯಕ್ಷೆಯ ಪಾಳಿ ತನ್ನದೇ ಎಂದು ಗೊತ್ತಾದಾಗ ಶುಭಾಂಗಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನಾಕಾದ ಹೆಂಗಸರಿಗೆ ಪ್ರೇಕ್ಷಕರ ಗ್ಯಾಲರಿಯ ಪಾಸು ಮಾಡಿಸಿ ತಾನೇ ಹೋಗಿ ಕೊಟ್ಟುಬಂದಳು. ನೋಡ್ರಿ ಬರ್ರಿ, ನಿಮ್ಮ ಕಣ್ಣಾರೆ ನೋಡ್ರಿ ಎಂದಳು.

ಅವರು ಬಂದರು. ಕೂಲಿಗೆ ಖಾಡಾ ಹಾಕಿ, ಅಂದರೆ ಅವತ್ತಿನ ಕೆಲಸ ತಪ್ಪಿಸಿ, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟು, ಲೋಕಲ್ ಹಿಡಿದು ಬಂದರು. ಬಾಗಿಲಲ್ಲಿ ಅವರ ಬುತ್ತಿ, ನೀರಿನ ಬಾಟಲಿ, ಫೋನು ಎಲ್ಲ ಇಳಿಸಿಕೊಂಡು ಮೇಲೆ ಕಳಿಸಿದರು. ಶುಭಾಂಗಿ ಎತ್ತರದ ಕುರ್ಚಿಯಿಂದ ತಲೆ ಎತ್ತಿದಾಗ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಡುವೆ ಮಲ್ಲಕ್ಕ. ಅವಳ ಮುಖದಲ್ಲಿದ್ದ ಹೆಮ್ಮೆ ಅಷ್ಟು ದೂರಕ್ಕೂ ಕಾಣುತ್ತಿತ್ತು. ಶುಭಾಂಗಿ ಕಾಲಿನಿಂದ ಮಣೆ ಎಳೆದುಕೊಂಡಳು, ಮುಂದಿದ್ದ ಮುಚ್ಚಳದ ಗ್ಲಾಸು ತೆಗೆದು ಒಂದು ಗುಟುಕು ನೀರು ಕುಡಿದು ಶೈಲಾತಾಯಿಯ ಹೆಸರು ಕರೆದಳು.

ಶೈಲಾತಾಯಿ ನಿಧಾನವಾಗಿ, ಒಂದೊಂದೇ ಸಂಗತಿ ಹೇಳಿದರು. ಮಂತ್ರಿ ಎದ್ದು, ಆ ಸೈಟಿನಲ್ಲಿ ಹೆಂಗಸರ ಶೌಚಾಲಯ ಇತ್ತೆಂದು ವರದಿಯಿದೆ ಎಂದರು. ಶೈಲಾತಾಯಿ ಮತ್ತೆ ಎದ್ದರು. ಅದಕ್ಕೆ ಬೀಗವಿತ್ತು, ಕೀಲಿ ಇಂಜಿನಿಯರರ ಬಳಿ ಇತ್ತು, ವರದಿ ಬರೆದವರು ಬಾಗಿಲು ನೋಡಿದ್ದಾರೆ, ಬೀಗ ನೋಡಿಲ್ಲ. ಆದ್ದರಿಂದ ಸೂಚನೆಯನ್ನು ಕಾದಿರಿಸಬೇಕು, ಮಂತ್ರಿಗಳು ಸ್ವತಃ ಹೋಗಿ ನೋಡಿ ಬಂದು ಉತ್ತರ ಕೊಡಬೇಕು ಎಂದರು. ಎಲ್ಲ ಇದ್ದದ್ದು ಅಲ್ಲೇ. ಕಾದಿರಿಸಲಾಗಿದೆ ಎಂದು ಅಧ್ಯಕ್ಷರು ಒಂದು ಮಾತು ಹೇಳಿದರೆ ಮಂತ್ರಿ ಮತ್ತೆ ಬರಲೇಬೇಕು, ತನಿಖೆ ಆಗಲೇಬೇಕು, ಬಿಲ್ಡರ್ ಬರೆಸಿದ್ದು ಸುಳ್ಳೆಂದು ಹೊರಬೀಳಲೇಬೇಕು. ಹೇಳದಿದ್ದರೆ ಸಂಗತಿ ಅಲ್ಲಿಗೆ ಮುಗಿಯಿತು. ಶುಭಾಂಗಿ ಮೈಕಿನ ಕಡೆ ಬಾಗಿದಳು. ಅಷ್ಟರಲ್ಲಿ ಗುರುಪಾದ ಕಾಕಾ ಎದ್ದು ನಿಂತಿದ್ದರು.

ಅವರು ಹೇಳಿದ್ದು ಮರಾಠಿಯಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗೆ: "ಅಧ್ಯಕ್ಷ ಮಹೋದಯಾ, ಮಂತ್ರಿಗಳು ಯಾಕೆ? ತಾಯಿಯವರಿಗೇ ಅಷ್ಟು ಕಾಳಜಿ ಇದೆ. ಅವರನ್ನೇ ಶೌಚಾಲಯ ಸಮಿತಿಯ ಅಧ್ಯಕ್ಷೆ ಮಾಡೋಣ. ಪ್ರತಿ ಬಿಲ್ಡಿಂಗಿಗೂ ಹೋಗಲಿ, ಕೂತು ನೋಡಲಿ, ಸರ್ಟಿಫಿಕೇಟ್ ಕೊಡಲಿ."

ಸಭೆ ಹೋ ಎಂದು ನಕ್ಕಿತು. ಮೇಜುಗಳು ಬಡಿದುಕೊಂಡವು. ಮಂತ್ರಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಶೈಲಾತಾಯಿ ಕೈಯಲ್ಲಿ ಕಾಗದ ಹಿಡಿದು ಹಾಗೇ ನಿಂತಿದ್ದರು. ಗುರುಪಾದ ಕಾಕಾ ಕೂರುತ್ತ ಕೂರುತ್ತ ಮೇಲೆ ಕುರ್ಚಿಯ ಕಡೆ ಒಂದು ನೋಟ ಎಸೆದರು. ಹೇಗಿತ್ತು ಎಂದು ಕೇಳುವ ನೋಟ, ಮನೆಯ ಮಗುವಿನ ಕಡೆ ನೋಡುವಂಥ ಪ್ರೀತಿಯ ನೋಟವೇ ಅದು. ಆಗ ಶುಭಾಂಗಿ ನಕ್ಕಳು.

ಬಲವಂತದ ಮುಗುಳುನಗೆಯಲ್ಲ. ಹಲ್ಲು ಕಾಣುವ, ಭುಜ ಕುಲುಕುವ ನಗು. ಸೆರಗಿನ ತುದಿಯನ್ನು ಬಾಯಿಗೆ ಹಿಡಿದು, ತಲೆ ಒಂದಿಷ್ಟು ಬಗ್ಗಿಸಿ ನಕ್ಕಳು. ಆ ನಗುವಿನಲ್ಲೇ ಅವಳ ಕೈ ಗಂಟೆಯ ಮೇಲೆ ಹೋಯಿತು. ಸಮಯವಾಯಿತು, ಮುಂದಿನ ಸೂಚನೆ ಎಂದಳು. ಶೈಲಾತಾಯಿ ಒಂದು ಕ್ಷಣ ಅವಳನ್ನು ನೋಡಿ, ಕಾಗದ ಮಡಿಚಿ ಕೂತರು. ಮುಂದಿನ ಸದಸ್ಯ ಯಾವುದೋ ಕಾಲುವೆಯ ಬಗ್ಗೆ ಮಾತು ಶುರುಮಾಡಿದ. ಅದು ಅರ್ಧಕ್ಕೆ ಬಂದಾಗ ಶುಭಾಂಗಿಗೆ ತಾನು ಏನು ಮಾಡಿದೆನೆಂದು ಹೊಳೆಯಿತು. ತಲೆ ಎತ್ತುವ ಧೈರ್ಯವಾಗಲಿಲ್ಲ. ಕೊನೆಗೆ ಎತ್ತಿದಾಗ ಗ್ಯಾಲರಿಯ ಮುಂದಿನ ಸಾಲು ಖಾಲಿಯಾಗಿತ್ತು.

ಪಾಳಿ ಮುಗಿದ ಮೇಲೆ ಗುರುಪಾದ ಕಾಕಾ ಬೆನ್ನು ತಟ್ಟಿ, ಸಭೆಯನ್ನು ಛಲೋ ಹಿಡಿತದಲ್ಲಿಟ್ಟುಕೊಂಡೆ ತಂಗೆವ್ವ ಎಂದರು. ಅವಳು ಥ್ಯಾಂಕ್ಸ್ ಕಾಕಾ ಎಂದಳು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು, ನುಂಗಲಿಲ್ಲ. ಆಮೇಲೆ ಓಡೋಡಿ ಗೇಟಿಗೆ ಹೋಗಿ ಪೊಲೀಸರನ್ನು ಕೇಳಿದಳು. ಆ ಹೆಂಗಸರು ಬುತ್ತಿ ಬಾಟಲಿ ತೆಗೆದುಕೊಂಡು ಆಗಲೇ ಹೋದರು ಎಂದರು. ಮಲ್ಲಕ್ಕನಿಗೆ ಫೋನು ಮಾಡಲು ನಂಬರು ತೆಗೆದು, ರಿಂಗಾಗುವ ಮೊದಲೇ ಕತ್ತರಿಸಿದಳು. ಎತ್ತಿದರೆ ಏನು ಹೇಳುವುದು? ಕಾಲುವೆ, ರಸ್ತೆ, ಅನುದಾನ ಎಂದು ಮಧ್ಯಾಹ್ನವೆಲ್ಲ ಸಭೆ ನಡೆಯಿತು. ಅವಳು ತನ್ನ ಜಾಗದಲ್ಲಿ ಕೂತು, ಮೈಯೆಲ್ಲ ಹೊಲಸು ಮೆತ್ತಿದೆಯೇನೋ ಎಂಬಂತೆ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಚಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳ ಸಭೆ ಇದ್ದ ದಿನ ಟಿವಿಯ ಮುಂದಿನಿಂದ ಏಳದ ಹೆಂಗಸು, ಇವತ್ತು ಟಿವಿ ಆರಿಸಿಬಿಟ್ಟಿದ್ದಳು. ಶುಭಾಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ನೋಡಿದೆಯಾ ಎಂದು ಕೇಳಿದಳು. ತಾಯಿ ನೋಡಿದೆ ಎಂದಳು. ರೊಟ್ಟಿ ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿ ಹಾಕಿದಳು. ಬೈದಿದ್ದರೆ ಶುಭಾಂಗಿಗೆ ಹಗುರಾಗುತ್ತಿತ್ತು. ಇವಳೇ ಶುರುಮಾಡಿ, ಕಾಕಾ ನೋಡಿದರು, ಎಲ್ಲರೂ ನಗುತ್ತಿದ್ದರು, ನನಗೆ ಗೊತ್ತಾಗುವ ಮೊದಲೇ ಬಾಯಿ ನಕ್ಕುಬಿಟ್ಟಿತು ಎಂದೆಲ್ಲ ಹೇಳಿದಳು.

"ಸೆರಗ ಬಾಯಿಗೆ ಹಿಡಕೊಂಡ ನಕ್ಕಿ," ಎಂದಳು ಚಂದ್ರವ್ವ. ಮಗಳ ಕಡೆ ತಿರುಗಲಿಲ್ಲ. "ಉಳಿದದ್ದೆಲ್ಲ ನಿನಗ ಸಾಲ್ಯಾಗ ಕಲಿಸಿದ್ರು. ಅದೊಂದು ನಾ ಕಲಿಸಿದ್ದು."

ಶುಭಾಂಗಿಗೆ ಅದು ಮರೆತಿರಲಿಲ್ಲ, ಮರೆತ ಹಾಗೆ ಇದ್ದಳು ಅಷ್ಟೇ. ಶಾಲೆಗೆ ರಜೆಯಿದ್ದರೆ ತಾಯಿ ಅವಳನ್ನೂ ನಾಕಾಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮುಕಾದಮ ಟೆಂಪೋದಿಂದ ಇಳಿದವನೇ ಮೊದಲು ಒಂದು ತಮಾಷೆ ಮಾಡುತ್ತಿದ್ದ. ಒಬ್ಬಳ ರವಿಕೆಯ ಬಗ್ಗೆ, ಒಬ್ಬಳ ಗಂಡನ ಬಗ್ಗೆ, ಹೇಳುವಂಥದ್ದಲ್ಲ. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಕ್ಕವರು ಟೆಂಪೋ ಹತ್ತುತ್ತಿದ್ದರು, ಮುಖ ಗಂಟಿಕ್ಕಿಕೊಂಡವರು ಅವತ್ತು ನಾಕಾದಲ್ಲೇ ಉಳಿಯುತ್ತಿದ್ದರು. ಒಂದು ದಿನ ಅವನು ಚಂದ್ರವ್ವನ ಬಗ್ಗೆಯೇ ಏನೋ ಅಂದ. ಎಂಟು ವರ್ಷದ ಶುಭಾಂಗಿ ಅವನನ್ನು ದುರುಗುಟ್ಟಿ ನೋಡಿದಳು. ಇದ್ಯಾಕ ನಗವಲ್ಲದು ಎಂದು ಅವನು ಕೇಳಿದ. ತಾಯಿ ಬೆನ್ನ ಹಿಂದಿನಿಂದ ಚಿವುಟಿ, ಕಿವಿಯ ಹತ್ತಿರ ಬಗ್ಗಿ, ನಗು, ಏನೂ ಆಗೂದಿಲ್ಲ, ನಗು ಎಂದಳು. ಶುಭಾಂಗಿ ನಕ್ಕಳು. ಅವತ್ತು ಕೆಲಸ ಸಿಕ್ಕಿತು, ಸಂಜೆ ತಾಯಿ ಅವಳಿಗೆ ವಡಾಪಾವ್ ಕೊಡಿಸಿದಳು.

ಆ ರಾತ್ರಿ ತಾಯಿ ಮಗಳು ಇಬ್ಬರೂ ರೊಟ್ಟಿ ಮುರಿದು ಹಾಗೇ ಬಿಟ್ಟು ಎದ್ದರು.

ಬೆಳಿಗ್ಗೆ ಶುಭಾಂಗಿ ಕಾರನ್ನು ದೂರದಲ್ಲೇ ನಿಲ್ಲಿಸಿ ನಾಕಾಕ್ಕೆ ನಡೆದುಕೊಂಡು ಹೋದಳು. ಕಾಲಿಗೆ ಬಿದ್ದಾದರೂ ಸರಿ, ತಪ್ಪಾಯಿತು ಎಂದು ಹೇಳಿಬಿಡಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು. ಮೇಲ್ಸೇತುವೆಯ ಕೆಳಗೆ ಹೆಂಗಸರು ಬುತ್ತಿ, ತಲೆಯ ಸಿಂಬಿ ಹಿಡಿದು ನಿಂತಿದ್ದರು. ಅವಳನ್ನು ನೋಡಿ ಬರ್ರಿ ಎಂದರು. ಹೋದ ವಾರದವರೆಗೆ ಬಾ ಎನ್ನುತ್ತಿದ್ದವರು ಇವತ್ತು ಬರ್ರಿ ಎಂದರು. ಮಲ್ಲಕ್ಕ ರಸ್ತೆ ಬದಿಯ ಕಟ್ಟೆಯ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಶುಭಾಂಗಿ ಅವಳ ಪಕ್ಕ ನೆಲದ ಮೇಲೆ ಕುಕ್ಕರಿಸಿದಳು, ಬಾಯಿ ತೆರೆದಳು. ಅಷ್ಟೊತ್ತಿಗೆ ಟೆಂಪೋ ಬಂತು.

ಇಳಿದವನು ಕಾಶಪ್ಪ, ಈಗಿನ ಮುಕಾದಮ. ಶುಭಾಂಗಿಯನ್ನು ಕಂಡು ಮೊದಲು ಗಾಬರಿಯಾಗಿ ಕೈಮುಗಿದ. ಆಮೇಲೆ ಅವನ ಮುಖದ ಮೇಲೆ ಸಲಿಗೆ ಬಂತು. ಅದು ಎಲ್ಲಿಂದ ಬಂತೆಂದು ಮರುಕ್ಷಣ ತಿಳಿಯಿತು.

"ಇವತ್ತ ಮೇಡಮ್ಮಾರ ಸ್ವತಾ ನಾಕಾಕ ಬಂದಾರ," ಎಂದ ಎಲ್ಲರಿಗೂ ಕೇಳುವ ಹಾಗೆ. "ಬರ್ರಿ ಮೇಡಂ, ನಿಮ್ಮ ಸಲುವಾಗಿ ಸೈಟಿನ್ಯಾಗ ಹೊಸಾ ಸಂಡಾಸ ಕಟ್ಟಸೀನಿ. ನೀವ ಕುಂತು ಉದ್ಘಾಟನಾ ಮಾಡ್ರಿ. ನಿನ್ನಿ ಟಿವಿಯೊಳಗ ನೋಡಿದೆ ಬಿಡ್ರಿ, ನೀವೂ ಭಾಳ ನಕ್ಕೀರಿ."

ಯಾರೂ ನಗಲಿಲ್ಲ, ಆದರೆ ಎಲ್ಲರ ಕೈಯೂ ಸೆರಗಿನ ಮೇಲಿತ್ತು. ಅಷ್ಟೂ ಹೆಂಗಸರು ಶುಭಾಂಗಿಯ ಮುಖ ನೋಡುತ್ತಿದ್ದರು. ಇವಳು ನಕ್ಕರೆ ತಾವೂ ನಗುವುದು, ಇಲ್ಲದಿದ್ದರೆ ಇಲ್ಲ, ಅಷ್ಟು ಮರ್ಯಾದೆಯನ್ನು ಅವರು ಇನ್ನೂ ಉಳಿಸಿಟ್ಟಿದ್ದರು. ಶುಭಾಂಗಿ ಎದ್ದು ನಿಂತಳು. ನಗಲಿಲ್ಲ. ಕಾಶಪ್ಪನನ್ನು ನೆಟ್ಟಗೆ ನೋಡಿದಳು, ಎಂಟು ವರ್ಷದವಳಿದ್ದಾಗ ನೋಡಿದ ಹಾಗೆಯೇ. ಹೆಂಗಸರು ಸೆರಗು ಬಿಟ್ಟರು. ಒಂದು ಕ್ಷಣ ಶುಭಾಂಗಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ತೀರಿತು, ಋಣ ತೀರಿತು ಎನಿಸಿತು.

ಕಾಶಪ್ಪನ ಮುಖ ಕಪ್ಪಿಟ್ಟಿತು. ಅವಳಿಗೆ ಅವನು ಏನೂ ಹೇಳುವಂತಿರಲಿಲ್ಲ. ಹೆಂಗಸರ ಕಡೆ ತಿರುಗಿ, ಇವತ್ತು ಹೆಣ್ಣಾಳು ಬೇಡ ಎಂದ. ಟೆಂಪೋ ಹತ್ತಿದ. ಮುಂದಿನ ನಾಕಾದ ಕಡೆಗೆ ಅದು ತಿರುಗಿಕೊಂಡು ಹೋಗುವುದನ್ನು ಎಲ್ಲರೂ ನಿಂತು ನೋಡಿದರು. ನಿನ್ನೆ ಇವಳ ಸಭೆ ನೋಡಲು ಬಂದು ಕೂಲಿ ಕಳೆದುಕೊಂಡವರು ಇವತ್ತು ಇವಳು ನಗದೆ ನಿಂತದ್ದಕ್ಕೆ ಕಳೆದುಕೊಂಡರು. ಶುಭಾಂಗಿಯ ಕೈ ತನ್ನಷ್ಟಕ್ಕೆ ಪರ್ಸಿನ ಕಡೆ ಹೋಯಿತು. ಮಲ್ಲಕ್ಕ ಆ ಕೈಯನ್ನು ನೋಡಿದಳು. ಅದು ಅಲ್ಲೇ ನಿಂತಿತು.

ಒಬ್ಬೊಬ್ಬರಾಗಿ ಹೆಂಗಸರು ಬುತ್ತಿ ಎತ್ತಿಕೊಂಡು ಮನೆಯ ಕಡೆ ಹೊರಟರು. ಯಾರೂ ಬೈಯಲಿಲ್ಲ, ಬರತೀವ್ರಿ ಎಂದು ಹೇಳಿಯೇ ಹೋದರು. ಕೊನೆಗೆ ಉಳಿದವಳು ಮಲ್ಲಕ್ಕ. ಶುಭಾಂಗಿ ತಪ್ಪಾಯಿತು ಎಂದಳು. ಮಲ್ಲಕ್ಕ ಎಲೆಯ ರಸ ಉಗುಳಿ ಬಾಯಿ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನೀ ನಕ್ಕದ್ದಕ್ಕ ನಾವೇನ ಅನ್ನೂಣವಾ? ನಾವೂ ದಿನಾ ನಗತೀವಿ. ಮ್ಯಾಲೆ ಕುಂತಾಗ ಪೊಲೀಸಪ್ಪ ಹೇಳಿದ್ದ, ಇಲ್ಲಿ ನಗಬಾರದು, ಮಾತಾಡಬಾರದು ಅಂತ. ಎಂಥಾ ಛಲೋ ಜಾಗಾ ಅಂದ್ಕೊಂಡಿದ್ವಿ. ಆ ಮಾತು ಕೆಳಗ ಕುಂತವರಿಗೂ ಇರತದ ಅಂದ್ಕೊಂಡಿದ್ವಿ."

ಸಿಂಬಿಯನ್ನು ಬಿಡಿಸಿ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಇವತ್ತ ನೀ ನಗಲಿಲ್ಲ. ಆದ್ರ ಶುಭಾ, ನಗಬಾರದಾಗಿದ್ದು ಇಲ್ಲಿ ಅಲ್ಲ. ಇಲ್ಲಿ ನಗದಿದ್ರ ನಮ್ಮ ಕೂಲಿ ಹೋಗತದ. ಅಲ್ಲಿ ನಗದಿದ್ರ ನಿಂದೇನ ಹೋಗತಿತ್ತು?"

ಈ ಪ್ರಶ್ನೆಗೆ ಶುಭಾಂಗಿಯ ಬಳಿ ಉತ್ತರವಿತ್ತು. ಕುರ್ಚಿ ಹೋಗುತ್ತಿತ್ತು, ಕಾಕಾರ ಕೃಪೆ ಹೋಗುತ್ತಿತ್ತು, ಮುಂದಿನ ಟಿಕೆಟ್ಟೂ ಹೋಗುತ್ತಿತ್ತೇನೋ. ಜೋಪಡಿಯ ಮೂಲೆಯಲ್ಲಿ ಮಲಗಿದ ಹುಡುಗಿಯ ಸೊಂಟದ ಎದುರು ಇಟ್ಟು ನೋಡಿದರೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಂಥ ಉತ್ತರ. ಮಲ್ಲಕ್ಕ ಶಿವಕುಮಾರಿಯನ್ನು ಹೊರಳಿಸುವ ಹೊತ್ತಾಯಿತೆಂದು ಎದ್ದು ಹೋದಳು.

ಅವತ್ತು ಮಧ್ಯಾಹ್ನವೂ ತಾಲಿಕೆಯ ಪಾಳಿ ಶುಭಾಂಗಿಯದೇ. ಅವಳು ಮೆಟ್ಟಿಲು ಹತ್ತಿ ಹೋಗಿ ಕುರ್ಚಿಯಲ್ಲಿ ಕೂತಳು. ಗ್ಯಾಲರಿಯಲ್ಲಿ ಯಾವುದೋ ಕಾಲೇಜಿನ ಹುಡುಗರಿದ್ದರು. ಕಾಲಿನಿಂದ ಮಣೆಯನ್ನು ಹುಡುಕಲಿಲ್ಲ. ಗುರುಪಾದ ಕಾಕಾ ಮುಂದಿನ ಸಾಲಿನಲ್ಲಿ ಪಕ್ಕದವರ ಜೊತೆ ಏನೋ ಹರಟುತ್ತಿದ್ದರು. ಅವಳು ಮೈಕು ಒತ್ತಿ, ಯಾರ ಹೆಸರನ್ನೂ ಕರೆಯದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ ಒಂದೇ ಉಸಿರಿಗೆ ಹೇಳಿದಳು: ನಿನ್ನೆ ಮಾನ್ಯ ಶೈಲಾತಾಯಿಯವರು ಮಂಡಿಸಿದ ಲಕ್ಷವೇಧಿ ಸೂಚನೆಯನ್ನು ಕಾದಿರಿಸಲಾಗಿದೆ, ಮಂತ್ರಿಗಳು ಸ್ವತಃ ಸ್ಥಳಕ್ಕೆ ಹೋಗಿ ನೋಡಿಬಂದು ಇದೇ ಅಧಿವೇಶನದಲ್ಲಿ ಉತ್ತರ ಕೊಡತಕ್ಕದ್ದು.

ಕೆಳಗಿನ ಮೇಜಿನಲ್ಲಿದ್ದ ಕಾರ್ಯದರ್ಶಿ ಗಡಬಡಿಸಿ ಎದ್ದು, ಮೆಟ್ಟಿಲ ಮೇಲೆ ಕಾಲಿಟ್ಟು, ಮೈಕು ಇನ್ನೂ ತೆರೆದಿರುವುದು ಗೊತ್ತಿಲ್ಲದೆ ಹೇಳಿದರು. ಮೇಡಂ, ಅದು ನಿನ್ನೆಯೇ ಮುಗಿದುಹೋಗಿದೆ. ನೀವೇ ಮುಗಿಸಿದ್ದೀರಿ. ಮುಗಿದದ್ದನ್ನು ಕಾದಿರಿಸಲು ನಿಯಮದಲ್ಲಿ ಅವಕಾಶವಿಲ್ಲ.

ಅದು ಸ್ಪೀಕರುಗಳಲ್ಲಿ ಸಭೆಯ ಮೂಲೆಮೂಲೆಗೂ ಕೇಳಿತು. ಗುರುಪಾದ ಕಾಕಾ ನಿಧಾನವಾಗಿ ಎದ್ದರು. ಮುಖದಲ್ಲಿ ಬೇಸರವಿತ್ತು, ಆದರೂ ಎಲ್ಲರೂ ಕಾಯುತ್ತಿರುವಾಗ ಸುಮ್ಮನೆ ಕೂರುವ ಮನುಷ್ಯ ಅವರಲ್ಲ. "ಅಧ್ಯಕ್ಷ ಮಹೋದಯಾ, ನಿನ್ನೆ ಉಂಡು ಕೈತೊಳೆದ ಊಟವನ್ನು ಇವತ್ತು ಡಬ್ಬಿಗೆ ಕಟ್ಟಿಕೊಡಿ ಅಂದರೆ ಅಡುಗೆಯವ ಏನು ಮಾಡಬೇಕು?"

ನಗು ಹಿಂದಿನ ಬೆಂಚುಗಳಿಂದ ಶುರುವಾಗಿ ಮುಂದಕ್ಕೆ ಬಂತು. ಎರಡೂ ಕಡೆಯವರು ನಕ್ಕರು. ಮಂತ್ರಿ ನಕ್ಕರು, ನಿನ್ನೆ ಕಾಲುವೆಯ ಬಗ್ಗೆ ಮಾತಾಡಿದವನೂ ನಕ್ಕ. ಹೆಂಗಸರ ಸಾಲಿನಲ್ಲಿ ಇಬ್ಬರು ಮೂವರು ಬಾಯಿಗೆ ಕೈ ಅಡ್ಡ ಹಿಡಿದರು. ಅದು ಹೇಗಿರುತ್ತದೆಂದು ಶುಭಾಂಗಿಗೆ ಚೆನ್ನಾಗಿ ಗೊತ್ತಿತ್ತು, ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ನೆಲಕ್ಕೆ ಎಟುಕದ ಕಾಲುಗಳನ್ನು ಜೋಡಿಸಿಕೊಂಡು, ಎರಡೂ ಕೈಯಲ್ಲಿ ಸೆರಗಿನ ತುದಿಯನ್ನು ಮಡಿಲಲ್ಲೇ ಬಿಗಿಯಾಗಿ ಹಿಡಿದು ಕೂತಳು. ಇಷ್ಟು ಎತ್ತರದಲ್ಲಿ ಕೂತವರನ್ನು ಎಲ್ಲರೂ ನೋಡಬಹುದು.

ಎದುರು ಬೆಂಚಿನಲ್ಲಿ ಶೈಲಾತಾಯಿ ಇದ್ದರು. ಇವತ್ತು ನಗುವುದಕ್ಕೆ ಆ ಇಡೀ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವರು ಅವರು. ದಪ್ಪ ಕನ್ನಡಕದ ಹಿಂದಿನಿಂದ ಅವರು ಶುಭಾಂಗಿಯನ್ನೇ ನೋಡುತ್ತಿದ್ದರು, ಸಭೆಯ ನಗು ನಿಲ್ಲುವವರೆಗೂ ನೋಡಿದರು. ಅವರು ನಗಲಿಲ್ಲ. ಅದಕ್ಕೆ ಅವರೇನೂ ಕಷ್ಟಪಟ್ಟಂತೆ ಕಾಣಲಿಲ್ಲ, ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿದ್ದರು.